ಉಗೊಲಿನೊ ಕೊನೆಗೆ ಓದಿದ ಮೊದಲ ಹಾಳೆ

ನಾವು ಚರ್ಚಿನ ಕಾನೂನು ಓದುತ್ತಿದ್ದ ಬೊಲೊನ್ಯಕ್ಕೆ ಪೋಪರ ಆಜ್ಞೆಗಳ ಹೊಸ ಸಂಗ್ರಹ ಬಂದ ದಿನ ನಮ್ಮ ಸಹಪಾಠಿ ಉಗೊಲಿನೊ ಪಾಠಕ್ಕೆ ಬಂದಿರಲಿಲ್ಲ. ಕೋಣೆಯಲ್ಲಿ ಕೂತು ಹಳೆಯ ಸಂಗ್ರಹದಿಂದ ಒಂದು ಆಜ್ಞೆ ನಕಲು ಮಾಡುತ್ತಿದ್ದ. ಅವನ ತಂಗಿ ಬೆರ್ತಾಳ ಜೊತೆ ಐದು ವರ್ಷ ಸಂಸಾರ ಮಾಡಿದ ಗಂಡ, ಈಗ ಇವಳು ತನಗೆ ರಕ್ತಸಂಬಂಧಿ, ಮದುವೆ ಊರ್ಜಿತವಲ್ಲ ಎಂದು ಬಿಷಪ್ಪರ ನ್ಯಾಯಾಲಯಕ್ಕೆ ಹೋಗಿದ್ದ. ಗೊತ್ತಿದ್ದೂ ಸುಮ್ಮನೆ ಬಾಳಿದವನು ಆಮೇಲೆ ಹಾಗೆ ಹೇಳುವಂತಿಲ್ಲ ಎಂದು ಹಿಂದಿನ ಪೋಪರೊಬ್ಬರು ಆ ಆಜ್ಞೆಯಲ್ಲಿ ಬರೆದಿದ್ದರು. ಬೆರ್ತಾಳಿಗೆ ಇದ್ದದ್ದು ಅದೊಂದೇ ಆಸರೆ.

ಗುರುಗಳು ಹೊಸ ಪುಸ್ತಕದ ಮೊದಲ ಹಾಳೆ ಓದಿದರು. ಇನ್ನು ಮೇಲೆ ಪಾಠಕ್ಕೂ ನ್ಯಾಯಾಲಯಕ್ಕೂ ಇದೊಂದೇ. ಇದರಲ್ಲಿ ಸೇರದ ಹಳೆಯ ಆಜ್ಞೆಗಳು ನಡೆಯುವುದಿಲ್ಲ. ಪಾಠ ಮುಗಿದ ಮೇಲೆ ಗೆಳೆಯ ರಾನಿಯೇರಿ ಮದುವೆಯ ಭಾಗವನ್ನೆಲ್ಲ ತಡಕಿದ. ಉಗೊಲಿನೊ ನಕಲು ಮಾಡುತ್ತಿದ್ದ ಆಜ್ಞೆ ಬಿಟ್ಟುಹೋಗಿತ್ತು.

"ಅವನಿಗೆ ಹೇಳೋಣ್ವಾ?" ಅಂದೆ.

"ಎಲ್ರ ಮುಂದೆ ನಿನ್ನ ಲ್ಯಾಟಿನ್ ಕೇಳಿ ಕತ್ತೆ ಅಂದೋನು ಅವ್ನೇ ತಾನೆ? ಸುಮ್ನಿರು, ಮಜಾ ನೋಡೋಣ."

ಸಂಜೆ ಉಗೊಲಿನೊ ಶಾಯಿ ಮೆತ್ತಿದ ಕೈಯಲ್ಲೇ ಬಂದ. "ಏನ್ರೋ ಓದಿದ್ರು ಇವತ್ತು?"

"ಪೋಪರ ಕಾಗದ ಬಂದಿತ್ತು," ಅಂದೆ. "ಎಲ್ರಿಗೂ ಆಶೀರ್ವಾದ ಅಂತೆ. ನಿಂಗೂ."

ಮರುದಿನ ಬೆಳಿಗ್ಗೆ ಬಿಷಪ್ಪರ ನ್ಯಾಯಾಲಯದಲ್ಲಿ ನ್ಯಾಯಾಧೀಶರು ಉಗೊಲಿನೊನ ನಕಲನ್ನು ಪಕ್ಕಕ್ಕಿಟ್ಟು ಹೊಸ ಪುಸ್ತಕ ಮುಂದೆ ತಳ್ಳಿದರು. "ಇದ್ರಲ್ಲಿ ಎಲ್ಲಿದೆ, ತೋರ್ಸಪ್ಪಾ."

ನೋಡಲು ಬಂದು ಹಿಂದೆ ಕೂತಿದ್ದ ನಾನೂ ರಾನಿಯೇರಿಯೂ ಒಂದು ಹೂಜಿ ವೈನಿನ ಪಂದ್ಯ ಕಟ್ಟಿದೆವು. ಮದುವೆಯ ಭಾಗ ಮುಗಿದರೆ ಅವನು ಸೋಲೊಪ್ಪುತ್ತಾನೆ ಎಂದ ರಾನಿಯೇರಿ. ಇಡೀ ಪುಸ್ತಕ ತಿರುವಿ ಮೊದಲ ಹಾಳೆಗೆ ಕೊನೆಗೆ ಬರುತ್ತಾನೆ ಎಂದೆ ನಾನು.

ಮದುವೆಯ ಭಾಗ ಮುಗಿಯಿತು. ಅವನು ನಿಲ್ಲಿಸಲಿಲ್ಲ. ಹೆಣ ಹೂಳುವುದು, ಕುದುರೆ ಕದ್ದ ಪಾದ್ರಿ, ಪಾಷಂಡಿಗಳು, ಎಲ್ಲವನ್ನೂ ತಿರುವಿದ.

"ಸಿಕ್ತಾ, ಅಣ್ಣಾ?" ಬೆರ್ತಾ ಕೇಳಿದಳು.

"ಇರತ್ತೆ. ತಾಳು."

ನ್ಯಾಯಾಧೀಶರು ಆಕಳಿಸಿದರು. ಉಗೊಲಿನೊ ಮೊದಲ ಹಾಳೆಗೆ ಬಂದ. ಒಂದು ಸಾಲಿನ ಕೆಳಗೆ ಬೆರಳು ನಿಂತಿತು. ತಿರುಗಿ ನನ್ನನ್ನೇ ನೋಡಿದ.

"ಆಶೀರ್ವಾದ ಅಂದ್ಯಲ್ಲೋ."

"ಅದೂ ಇದೆ," ಅಂದ ರಾನಿಯೇರಿ. "ಸ್ವಲ್ಪ ಮೇಲೆ ನೋಡು."

ತೀರ್ಪಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ, ಮದುವೆ ರದ್ದಾಯಿತು. ಗಂಡ ಅಲ್ಲೇ ಕೈ ಚಾಚಿ ಉಂಗುರ ಕೇಳಿದ. ಅದು ಬೆರಳ ಗೆಣ್ಣಿಗೆ ಸಿಕ್ಕಿಕೊಂಡಿತು. ಬೆರ್ತಾ ಎಂಜಲು ಹಚ್ಚಿ ಎಳೆಯುತ್ತಿದ್ದಳು. ಪಂದ್ಯ ಗೆದ್ದವನು ನಾನು. ವೈನು ಕುಡಿಯಲು ನಾವು ಎದ್ದು ಹೊರಟೆವು.