ದರ್ಜಿಯ ಸ್ಯಾಕ್ಸೊಫೋನ್

"ಒಂಬತ್ತು ವರ್ಷ!" ಎಂದು ಅಜ್ಜಿ ಇಸ್ತ್ರಿಪೆಟ್ಟಿಗೆಯನ್ನು ಕೋಟಿನ ತೋಳಿನ ಮೇಲೆ ಒತ್ತಿದರು. "ಒಂಬತ್ತು ವರ್ಷ ಒದ್ದಾಡಿ ಆ ಸ್ಯಾಕ್ಸೊಫೋನಿನ ಎಲ್ಲಕ್ಕಿಂತ ಕೆಳಗಿನ ಸ್ವರ ಹೊರಡಿಸಿದ್ರು ನಿಮ್ಮ ತಾತ. ಬಚ್ಚಲುಮನೇಲಿ! ಕೇಳಿದವಳು ನಾನೊಬ್ಬಳೇ."

ಮೊಮ್ಮಗಳಿಗೆ ಈ ಕತೆ ಬಾಯಿಪಾಠವಾಗಿತ್ತು. ಹೊರಕೋಣೆಯಲ್ಲಿ ತಾತ, ಊರಿನ ಅರ್ಧ ಜನಕ್ಕೆ ಕೋಟು ಹೊಲಿದ ದರ್ಜಿ, ಶವಪೆಟ್ಟಿಗೆಯೊಳಗೆ ಬರೀ ಅಂಗಿಯಲ್ಲಿ ಮಲಗಿ ತಮ್ಮ ಕೋಟಿಗಾಗಿ ಕಾಯುತ್ತಿದ್ದರು. ನಾಲ್ಕಕ್ಕೆ ಹೊರಡಬೇಕು, ಆಗಲೇ ಮೂರಾಗಿತ್ತು.

"ಬ್ಯಾಂಡ್ ಮಾಸ್ಟರು ಬಂದಿದ್ದಾರೆ, ಅಜ್ಜಿ."

ಇಸ್ತ್ರಿಪೆಟ್ಟಿಗೆ ನಿಂತಿತು. "ಬರಲಿ. ನಿಮ್ಮ ತಾತ ಮನೆ ಬಿಡೋದರೊಳಗೆ ಆ ಮನುಷ್ಯ ಅದನ್ನ ಊದಬೇಕು, ಊದಿ ಒಪ್ಕೋಬೇಕು. ಆಮೇಲೆ ಒಪ್ಪಿ ಏನು ಪ್ರಯೋಜನ?"

*

ಮೂವತ್ತು ವರ್ಷಗಳ ಹಿಂದೆ, ವಾದ್ಯವೃಂದವನ್ನು ಬಿಟ್ಟ ದಿನ ಬ್ಯಾಂಡ್ ಮಾಸ್ಟರು ತಮ್ಮ ಸೋಪ್ರಾನೋ ಸ್ಯಾಕ್ಸೊಫೋನನ್ನು ದರ್ಜಿಗೆ ಮಾರಿದ್ದರು. ನೆಟ್ಟಗಿನ ಕೊಳವೆ, ಬೆಳ್ಳಿಯ ಲೇಪ ಹೋಗಿ ಹಿತ್ತಾಳೆ ಇಣುಕುತ್ತಿತ್ತು, ಕೀಲಿಗಳಲ್ಲಿ ಅರ್ಧ ಏಳುತ್ತಿರಲಿಲ್ಲ, ಉಳಿದರ್ಧ ಕೂರುತ್ತಿರಲಿಲ್ಲ. "ಇದು ಇನ್ನು ಊದೋಕೆ ಬರೋದಲ್ಲ. ಬುಡಕ್ಕೊಂದು ಹಲಗೆ ಹೊಡೆದು ದೀಪದ ಕಂಬ ಮಾಡ್ಕೊಳ್ಳಯ್ಯ" ಎಂದಿದ್ದರು. ಆ ಮಾತು ದರ್ಜಿಯ ಎದೆಯಲ್ಲಿ ಮುರಿದ ಸೂಜಿಯಂತೆ ಕೂತುಬಿಟ್ಟಿತು.

ಹೊಲಿಗೆಯ ಸೂಜಿಗಳು ಕೀಲಿಗಳ ಸ್ಪ್ರಿಂಗುಗಳಾದವು. ಕೋಟಿನ ಕಾಲರಿನೊಳಗೆ ಇಡುವ ಉಣ್ಣೆಯ ಪಟ್ಟಿ, ಹೆಂಡತಿಯ ಒಂದೇ ಒಂದು ಜೊತೆ ಚರ್ಮದ ಕೈಗವಸು, ಇವೆರಡೂ ಸೇರಿ ರಂಧ್ರಗಳನ್ನು ಮುಚ್ಚುವ ಪುಟ್ಟ ಮೆತ್ತೆಗಳಾದವು. ಆದರೆ ಮೂರು ವರ್ಷವಾದರೂ ಒಂದು ಮೆತ್ತೆಯೂ ಕೀಲಿಯಡಿಯ ಬಟ್ಟಲಿನಲ್ಲಿ ಸರಿಯಾಗಿ ಕೂರಲಿಲ್ಲ. ಎಲ್ಲವೂ ಮುಖ ಸಿಂಡರಿಸಿಕೊಂಡು ಎದ್ದೇ ನಿಲ್ಲುತ್ತಿದ್ದವು. ಒಂದು ಸಂಜೆ ಹೆಂಡತಿ ಚಹಾ ಇಡಲು ಬಂದವಳು ಬಗ್ಗಿ ನೋಡಿದಳು. ಗಂಡ ಜೀವಮಾನದ ಅಭ್ಯಾಸದಂತೆ, ಪ್ರತಿ ಮೆತ್ತೆಗೂ ಹೊಲಿಗೆಗೆಂದು ಸುತ್ತ ಅಂಚು ಬಿಟ್ಟು ಕತ್ತರಿಸಿದ್ದ.

"ಏನ್ರೀ, ಮಗು ಬೆಳೆಯುತ್ತೆ ಅಂತ ಬಿಟ್ಟಿದ್ದೀರಾ?"

ಮೂರನೆಯ ದಿನ ಅವನು ಕತ್ತರಿಯನ್ನು ಸುಮ್ಮನೆ ಅವಳ ಕೈಗಿಟ್ಟ.

ಕಡೆಗೂ ಸ್ವರ ಹೊರಟ ದಿನ ಅವನು ವಾದ್ಯವನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟ. "ಕೋಟು ಹೊಲಿದಾಯ್ತು. ತೊಟ್ಕೊಳ್ಳೋದು ನನ್ನ ಕೆಲಸ ಅಲ್ಲ. ಆ ಮಾಸ್ಟರೇ ಬಂದು ಕೇಳಲಿ." ಸುದ್ದಿ ತಲುಪಿದಾಗ ಬ್ಯಾಂಡ್ ಮಾಸ್ಟರು, "ದರ್ಜಿಗೆ ಭ್ರಮೆ. ನಿಜವಾಗಿದ್ರೆ ಕರೀಲಿ" ಎಂದರು. ಇಬ್ಬರ ಮನೆಗಳ ನಡುವೆ ಇದ್ದದ್ದು ಮೂರೇ ಮನೆ. ಇಪ್ಪತ್ತೊಂದು ವರ್ಷ ದಿನವೂ ಎದುರಾದರು, ಮಂಡಿನೋವಿನ ಬಗ್ಗೆ ವಿಸ್ತಾರವಾಗಿ ಮಾತಾಡಿದರು. ಇವರು ಕರೆಯಲಿಲ್ಲ, ಅವರು ಕೇಳಲಿಲ್ಲ.

*

"ಈಗ ಬೇಡಮ್ಮ. ಸಾವಿನ ಮನೆ" ಎಂದರು ಬ್ಯಾಂಡ್ ಮಾಸ್ಟರು, ಒಳಕೋಣೆಯ ಮೇಜಿನ ಮೇಲಿದ್ದ ವಾದ್ಯದಿಂದ ಕಣ್ಣು ಕೀಳದೆ.

"ಸತ್ತಿರೋದು ಅವರು, ಮಾಸ್ಟರೇ. ವಾದ್ಯ ಅಲ್ಲ. ವಾರಕ್ಕೊಂದು ಸಲ ಎಣ್ಣೆ ಹಾಕಿದ್ದೀನಿ."

"ಬಾಯಿಗೆ ಕಟ್ಟೋ ಜೊಂಡಿನ ರೀಡ್ ಬೇಕಲ್ಲ..." ಎನ್ನುತ್ತಿದ್ದಂತೆ ಅವರ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಕರವಸ್ತ್ರದ ಮಡಿಕೆಯಿಂದ ಒಂದು ರೀಡ್ ಹೊರಬಂತು.

"ವಾದ್ಯ ಮಾರಿ ಮೂವತ್ತು ವರ್ಷ ಆಯ್ತು. ಇದ್ಯಾಕೆ ಜೇಬಲ್ಲಿತ್ತು?"

ರೀಡನ್ನು ನೆನೆಸಬೇಕೆಂಬ ನೆವದಲ್ಲಿ ಮಾಸ್ಟರು ಅದನ್ನು ಬಾಯಿಗಿಟ್ಟುಕೊಂಡು ಉತ್ತರದಿಂದ ಪಾರಾದರು.

ಊದಿದರು. ಯಾರೋ ಬಾತುಕೋಳಿಯ ಮೇಲೆ ಕೂತಂತಾಯಿತು. ಅಂಗಳದಿಂದ ಅಳಿಯನ ದನಿ ನಡುಗುತ್ತ ಬಂತು: "ಅತ್ತೆ! ಮಾವ ಏನಾದ್ರೂ ಅಂದ್ರಾ?"

ಮಾಸ್ಟರು ಗೆದ್ದವರಂತೆ ಕಾಣಲಿಲ್ಲ, ಮುಖ ಸಣ್ಣಗಾಗಿತ್ತು. "ಗಾಳಿ ಸೋರ್ತಾ ಇದೆ. ಆ ಕೆಳಗಿನ ಸ್ವರಕ್ಕೆ ಎಲ್ಲ ರಂಧ್ರನೂ ಮುಚ್ಚಿರಬೇಕು. ಬಿಡಿ, ತಾಯಿ."

"ಕೀಲಿಗಳನ್ನೆಲ್ಲ ಒತ್ತಿ ಹಿಡೀರಿ. ನೀನು ಕಿಟಕಿಗೆ ಕಂಬಳಿ ಕಟ್ಟೇ" ಎಂದರು ಅಜ್ಜಿ ಮೊಮ್ಮಗಳಿಗೆ.

ಕತ್ತಲಾದ ಕೋಣೆಯಲ್ಲಿ ಅಜ್ಜಿ ತಂತಿಗೆ ಕಟ್ಟಿದ ಪುಟ್ಟ ಬಲ್ಬನ್ನು ಕೊಳವೆಯೊಳಗೆ ಇಳಿಸಿದರು. ಎಲ್ಲ ಮೆತ್ತೆಗಳೂ ಕಪ್ಪಗಿದ್ದವು. ಒಂದರ ಅಂಚಿನಲ್ಲಿ ಮಾತ್ರ ನೂಲಿನೆಳೆಯಷ್ಟು ಬೆಳಕು ಸೋರುತ್ತಿತ್ತು. ಅಜ್ಜಿ ಇಸ್ತ್ರಿಪೆಟ್ಟಿಗೆಯ ಮೂತಿಯನ್ನು ಆ ಬಟ್ಟಲಿಗೆ ತಾಗಿಸಿ, ಮೆತ್ತೆ ಅಂಟಿಸಿದ್ದ ಅರಗು ಮೆತ್ತಗಾದೊಡನೆ ಹೆಬ್ಬೆರಳಿನಿಂದ ಒತ್ತಿ ಹಿಡಿದರು.

ಅಳಿಯ ಕದ ಬಡಿದ. "ಕೋಟು ಆಯ್ತಾ, ಅತ್ತೆ? ಹೊರೋರು ಬಂದು ನಿಂತಿದ್ದಾರೆ!"

"ಹೋಗೋರಿಗೇ ಇಲ್ಲದ ಅವಸರ ಹೊರೋರಿಗೇನಂತೆ?"

ಎಳೆಬೆಳಕು ಆರಿತು.

ತಾತನಿಗೆ ಕೋಟು ತೊಡಿಸಲಾಯಿತು. ಗುಂಡಿಗಳನ್ನು ಅಜ್ಜಿಯೇ ಹಾಕಿದರು. ನಾಲ್ವರು ಬಗ್ಗಿ ಪೆಟ್ಟಿಗೆಗೆ ಕೈ ಹಚ್ಚಿದರು. ಆಗ ಮಾಸ್ಟರು ತಲೆಯ ಬಳಿ ಬಂದು ನಿಂತು, ಬೆರಳುಗಳನ್ನು ಕೀಲಿಗಳ ಮೇಲೆ ಕೂರಿಸಿ, ಕಣ್ಣು ಮುಚ್ಚಿ ಊದಿದರು.

ಸ್ವರ ಹೊರಟಿತು. ತುಸು ಒರಟು, ದುಂಡಗೆ, ಎಲ್ಲೂ ಅಲುಗದೆ. ಗೋಡೆಯ ಪಟದ ಗಾಜು ಸಣ್ಣಗೆ ಗುಂಯ್‌ಗುಟ್ಟಿತು. ಉಸಿರು ತೀರುವವರೆಗೂ ಮಾಸ್ಟರು ಅದನ್ನು ಬಿಡಲಿಲ್ಲ.

ಬಿಟ್ಟವರೇ ಪೆಟ್ಟಿಗೆಯತ್ತ ಬಗ್ಗಿ ಗದರಿದರು: "ಇಪ್ಪತ್ತೊಂದು ವರ್ಷ ಕಣಯ್ಯ! ಒಂದು ಸಲ ಕರೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಕೇಳಿದ್ರೆ ನಿಮ್ಮದೇನು ಹೋಗ್ತಿತ್ತು?" ಎಂದರು ಅಜ್ಜಿ, ತಾತನ ಕಾಲರು ಸರಿಪಡಿಸುತ್ತ.

ಹೊರುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಗ್ಗಿಸಿದ ಬೆನ್ನುಗಳನ್ನು ಮೆಲ್ಲನೆ ನೇರ ಮಾಡಿಕೊಂಡರು.

ಮೊಮ್ಮಗಳು ಮಾಸ್ಟರ ತೋಳು ಮುಟ್ಟಿದಳು.

"ಇನ್ನೊಂದು ಸಲ ಕೇಳಿಸ್ತೀರಾ, ತಾತ?"