ಒಂದು ಗೇಣು, ನಾಲ್ಕು ಬೆರಳು

೧

ಎಲ್ಲಿಂದ ಶುರು ಮಾಡಲಿ? ಫುಟ್‌ಬಾಲ್ ಕಥೆ ಅಂದಮೇಲೆ ಸ್ಟೇಡಿಯಮ್ಮಿನ ಗದ್ದಲದಿಂದಲೇ ಶುರುವಾಗಬೇಕು ಅಂತ ನೀವು ಕಾದಿರುತ್ತೀರಿ. ನಾನೂ ಹಾಗೇ ಬರೆದೆ: “ಇಪ್ಪತ್ತು ಸಾವಿರ ಗಂಟಲುಗಳು ಒಮ್ಮೆಲೇ ಭೋರ್ಗರೆದವು.” ಓದಿಕೊಂಡು ನನಗೇ ನಗು ಬಂತು. ಇಪ್ಪತ್ತು ಸಾವಿರ ಗಂಟಲು ನಾನು ಯಾವತ್ತೂ ಕೇಳಿದವಳಲ್ಲ. ನಮ್ಮ ಮನೆಯಲ್ಲಿರುವುದು ಮೂರೇ ಗಂಟಲು. ಅವೇ ನನ್ನನ್ನು ಸಾಕುಸಾಕು ಮಾಡುತ್ತವೆ.

ಹೊಡೆದುಹಾಕಿದೆ.

೨

“ಕೊಕ್ಕರೆ ಎಂದು ಹೆಸರಾದ ಆ ಆಟಗಾರ ಬಾಲ್ಯದಲ್ಲಿ ಚಿಂದಿ ಬಟ್ಟೆಯ ಚೆಂಡು ಕಟ್ಟಿಕೊಂಡು…”

ಮಗಳು ಹೆಗಲ ಮೇಲಿಂದ ಇಣುಕಿದಳು. “ಎಲ್ಲಾ ಕಥೇಲೂ ಚಿಂದಿ ಚೆಂಡೇ ಯಾಕಮ್ಮ? ಅವನಿಗೆ ಅವರಪ್ಪ ಒಳ್ಳೇ ಬಾಲ್ ತಂದುಕೊಟ್ಟಿದ್ರು ಅಂತ ಬರಿ.”

ಸರಿ, ತಂದುಕೊಟ್ಟಿದ್ದರು. ಆ ಬಾಲ್ಯ ಅಲ್ಲಿಗೆ ಮುಗಿಯಿತು.

(ಇಲ್ಲಿ ಒಂದು ಮಾತು. ಫುಟ್‌ಬಾಲ್ ನನಗೆ ತಿಳಿಯದು. ಹನ್ನೆರಡು ವರ್ಷದ ಮಗಳಿಗೆ ತಿಳಿಯುತ್ತದೆ. ನನಗೆ ತಿಳಿದಿರುವುದು ಅಳತೆ. ಹತ್ತೊಂಬತ್ತು ವರ್ಷದಿಂದ ಬಟ್ಟೆ ಕತ್ತರಿಸುತ್ತಿದ್ದೇನೆ. ಹೊಲಿಗೆ ಅಂಗಡಿ, ಅಡುಗೆ, ಹೋಮ್‌ವರ್ಕು, ಪಾತ್ರೆ ಎಲ್ಲಾ ಮುಗಿದಮೇಲೆ ಬರೆಯಲು ಕೂರುವುದು. ವಾಕ್ಯಗಳು ಆಕಳಿಸಿದರೆ ಕ್ಷಮಿಸಿ.)

೪

ಮೂರನೆಯ ಕರಡನ್ನು ಮಗಳ ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿದ್ದೆ. ಅವಳು ಅದನ್ನು ಹಾಗೇ ಟೀಚರಿಗೆ ಒಪ್ಪಿಸಿ ಬಂದಿದ್ದಾಳೆ. ವಾಪಸ್ಸು ಬರುವವರೆಗೆ ಕಾಯುವ ಹಾಗಿಲ್ಲ, ಪ್ಲೇಆಫ್ ಶುರುವಾಗಿಬಿಟ್ಟಿದೆ.

ಪ್ಲೇಆಫ್ ಅಂದರೆ ಏನು ಅಂತ ನನ್ನಂಥವರಿಗೆ ಹೇಳುತ್ತೇನೆ. ಏಳು ತಿಂಗಳು ಲೀಗ್ ಆಡಿ, ಮೇಲಿನ ನಾಲ್ಕು ತಂಡ ಮಾತ್ರ ಉಳಿಯುತ್ತವೆ. ಸೆಮಿಫೈನಲ್ ಎರಡು ಸಲ: ಒಂದು ಅವರ ಊರಲ್ಲಿ, ಒಂದು ನಮ್ಮೂರಲ್ಲಿ. ಎರಡರ ಗೋಲು ಕೂಡಿಸಿ ಗೆದ್ದವರು ಫೈನಲ್ಲಿಗೆ, ಸೋತವರು ಮನೆಗೆ.

ನಮ್ಮ ತಂಡ ನಾಲ್ಕನೆಯದಾಗಿ ತೂರಿಕೊಂಡು ಬಂದಿದೆ. ಅವರ ಊರಿನ ಪಂದ್ಯ ಒಂದು–ಒಂದು. ಅದರಲ್ಲಿ ನಮಗೊಂದು ಪೆನಾಲ್ಟಿ ಸಿಕ್ಕಿತ್ತು. ಹೊಡೆಯಬೇಕಾದವನು ಕೊಕ್ಕರೆ. ಉದ್ದ ಕಾಲಿನವನು, ಒಂಟಿಕಾಲಲ್ಲಿ ನಿಂತೇ ಬೂಟಿನ ಲೇಸು ಕಟ್ಟುವವನು, ಹಿಂದಿನ ಎರಡು ಸೀಸನ್ ಒಂದೇ ಒಂದು ಪೆನಾಲ್ಟಿ ತಪ್ಪಿಸದವನು. ಅವತ್ತು ಬಾಲ್ ಎತ್ತಿಕೊಂಡ, ನೋಡಿದ, ಪಕ್ಕದವನ ಕೈಗಿಟ್ಟು ಹಿಂದೆ ನಡೆದುಬಿಟ್ಟ. ಪಕ್ಕದವನು ಆಕಾಶಕ್ಕೆ ಒದ್ದ.

ಯಾಕೆ ಹೀಗೆ? ಈ ಮೂರು ತಿಂಗಳಲ್ಲಿ ತನ್ನದೇ ಮೈದಾನದಲ್ಲಿ ಕೊಕ್ಕರೆ ಮೂರು ಪೆನಾಲ್ಟಿ ತಪ್ಪಿಸಿದ್ದ. ಮೂರೂ ನೀರಿನ ಟ್ಯಾಂಕಿನ ಕಡೆಯ ಗೋಲಿನಲ್ಲಿ. ಮೂರೂ ಎಡಗಂಬಕ್ಕೆ ಬಡಿದು ಹೊರಗೆ. ಪ್ರಾಕ್ಟೀಸು ನಡೆಯುವುದು ಬೇರೆ ಮೈದಾನದಲ್ಲಿ. ಅಲ್ಲಿ ಐವತ್ತಕ್ಕೆ ಐವತ್ತು ಒಳಗೆ.

“ಕಾಲಲ್ಲಿ ಏನೂ ಇಲ್ಲ ಕಣೋ, ತಲೇಲಿದೆ,” ಅಂದರು ಕೋಚ್. ದಿನಾ ಅಂದರು.

ತಲೆಯನ್ನು ಎಲ್ಲಿ ರಿಪೇರಿ ಮಾಡಿಸುತ್ತಾರೆ? ಸೀಸನ್ ಮುಗಿದ ಕೂಡಲೇ ಭಾವನ ಟೈರ್ ಅಂಗಡಿಗೆ ಸೇರುತ್ತೇನೆ, ಇನ್ನು ಆಟ ಸಾಕು ಅಂತ ಕೊಕ್ಕರೆ ಹೇಳಿಬಿಟ್ಟಿದ್ದಾನೆ. ಭಾವ ಆಗಲೇ ಅವನ ಅಳತೆಯ ನೀಲಿ ಅಂಗಿ ಹೊಲಿಸಿಟ್ಟಿದ್ದಾನೆ.

೫

ಇಷ್ಟು ಹೊತ್ತಿಗೆ ನೀವು ಕೊಕ್ಕರೆಯೇ ಕಥಾನಾಯಕ ಅಂದುಕೊಂಡಿದ್ದರೆ, ತಪ್ಪು ನನ್ನದು. ನಾಯಕ ಆಗಲೇ ಮೈದಾನದಲ್ಲಿದ್ದಾನೆ, ನೀವು ನೋಡಲಿಲ್ಲ. ಅವನನ್ನು ಯಾರೂ ನೋಡುವುದಿಲ್ಲ. ಎಲ್ಲರೂ ಬರುವ ಮುಂಚೆ ಬಗ್ಗಿಕೊಂಡು ಬಿಳಿಗೆರೆ ಎಳೆದು ಹೋಗಿರುತ್ತಾನೆ. ಇಪ್ಪತ್ತೆರಡು ವರ್ಷದ ಸರ್ವಿಸು. ಎಲ್ಲರಿಗೂ ಅವನು ಸುಣ್ಣದಣ್ಣ. ಈಗ ಸುಣ್ಣ ಹೋಗಿ ಪೇಂಟು ಬಂದಿದೆ, ಹೆಸರು ಮಾತ್ರ ತೊಳೆದರೂ ಹೋಗಿಲ್ಲ.

ಅವನ ಆಯುಧ ಒಂದು ಹಗ್ಗ. ಎರಡು ತುದಿಗೆ ಕುಣಿಕೆ, ನಡುವೆ ಬಣ್ಣದ ದಾರ ಸುತ್ತಿದ ಗುರುತುಗಳು. ಗೋಲಿನ ಗೆರೆಯಿಂದ ಪೆನಾಲ್ಟಿ ಚುಕ್ಕೆಗೆ ಹನ್ನೊಂದು ಮೀಟರ್: ಅದು ಕೆಂಪು ದಾರ. ಆಫೀಸಿನವರು ಸ್ಟೀಲ್ ಟೇಪು ಕೊಟ್ಟಿದ್ದರು. ಅದನ್ನು ಡಬ್ಬಿಯಿಂದ ತೆಗೆದೇ ಇಲ್ಲ. “ಟೇಪಲ್ಲಿ ಅಂಕಿ ಇರುತ್ತೆ, ಹಗ್ಗದಲ್ಲಿ ಕೈ ಇರುತ್ತೆ,” ಅನ್ನುತ್ತಿದ್ದ. ಕೇಳಲು ಚೆನ್ನಾಗಿದೆ, ಅಲ್ಲವೆ? ಇಂಥ ಮಾತು ಆಡಿದವರೇ ಆಮೇಲೆ ಒದ್ದಾಡುವುದು.

೬

ಸೆಮಿಫೈನಲ್ಲಿನ ಬೆಳಿಗ್ಗೆ. ಸುಣ್ಣದಣ್ಣನ ಮನೆ. ಅವನು ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು ಹೊರಟಾಗ ಹೆಂಡತಿ ಕೂಗಿದಳು.

“ರೀ, ಇವತ್ತಿಗೆ ಆಟ ಮುಗೀತಲ್ಲ, ಸಂಜೆ ಬರ್ತಾ ನನ್ನ ಹಗ್ಗ ವಾಪಸ್ ತನ್ನಿ. ಬೆಡ್‌ಶೀಟ್ ರಾಶಿ ಬಿದ್ದಿದೆ.”

“ನಿನ್ನ ಹಗ್ಗ ಅಂತೆ! ಇದು ಕ್ಲಬ್ಬಿನ ಹಗ್ಗ.”

“ಹೌದೌದು. ಆಟ ಇಲ್ಲದ ರಜೇಲಿ ಮೂರು ತಿಂಗಳು ಕ್ಲಬ್ಬೇ ಬಂದು ಬಟ್ಟೆ ಒಣಗಿಸ್ತಲ್ಲ! ಅಲ್ಲಾ, ಅದೆಂಥ ಹಗ್ಗಾರೀ? ಮೊದಲು ಕಟ್ಟಿದಾಗ ಕಿಟಕಿಯಿಂದ ಕಂಬಕ್ಕೆ ಜಗ್ಗಿ ಜಗ್ಗಿ ಕಟ್ಟಬೇಕಿತ್ತು. ಕೊನೆಕೊನೇಲಿ ನೋಡಿದ್ರೆ ಬೆಡ್‌ಶೀಟ್ ನೆಲ ಗುಡಿಸ್ತಿತ್ತು.”

ಸುಣ್ಣದಣ್ಣ ಒಂದು ಕಾಲಿಗೆ ಚಪ್ಪಲಿ ಹಾಕಿ ಇನ್ನೊಂದು ಕಾಲು ಎತ್ತಿದವನು ಹಾಗೇ ನಿಂತ.

ಒದ್ದೆ ಬೆಡ್‌ಶೀಟು, ಮೂರು ತಿಂಗಳು. ಹಗ್ಗ ಹಿಗ್ಗಿದೆ. ಹಗ್ಗದ ಜೊತೆ ಕೆಂಪು ದಾರವೂ ದೂರ ಸರಿದಿದೆ.

ಸೀಸನ್ ಶುರುವಿನಲ್ಲಿ ತೊಂದರೆ ಆಗಲಿಲ್ಲ. ಎರಡೂ ಕಡೆ ಚುಕ್ಕೆಯ ಕೆಳಗೆ ಹಳೇ ಕಬ್ಬಿಣದ ಗೂಟ ಹೂತಿತ್ತು, ಅದರ ಮೇಲೆ ಬಳಿದರಾಯಿತು. ಆದರೆ ನಡು ಸೀಸನ್ನಿನಲ್ಲಿ ಟ್ಯಾಂಕ್ ಸೋರಿ ಆ ಕಡೆಯ ಹುಲ್ಲು ಕೊಳೆತು, ಅಗೆದು ಹೊಸ ಹುಲ್ಲು ಹಾಸಿದರು. ಗೂಟ ಮಣ್ಣಿನ ಜೊತೆ ಹೋಯಿತು. ಹೊಸ ಗೂಟವನ್ನು ಅಳೆದು ಹೊಡೆದವನು ಸುಣ್ಣದಣ್ಣ. ಈ ಹಗ್ಗದಿಂದಲೇ.

ಮೈದಾನಕ್ಕೆ ಓಡಿದ. ಡಬ್ಬಿ ಒಡೆದು ಸ್ಟೀಲ್ ಟೇಪ್ ಎಳೆದ. ಚುಕ್ಕೆ ಗೋಲಿನಿಂದ ಒಂದು ಗೇಣು ಹೆಚ್ಚು ಹಿಂದಿತ್ತು.

೭ (ಕತ್ತರಿ ಹಿಡಿದವಳ ಲೆಕ್ಕ)

ಬರೀ ಒಂದು ಗೇಣಿಗೆ ಏನಾದೀತು ಅಂತೀರಾ? ಕೆಳಗೆ ಹೋದಂತೆ ಅಗಲವಾಗುವ ಫ್ರಾಕು ಕತ್ತರಿಸಿದ್ದೀರಾ? ಉದ್ದ ಹೆಚ್ಚಿದರೆ ಕೆಳ ಅಂಚಿನ ಘೇರೂ ಹೆಚ್ಚುತ್ತದೆ. ಕೊಕ್ಕರೆ ಪೆನಾಲ್ಟಿ ಹೊಡೆಯುವಾಗ ಗೋಲ್‌ಕೀಪರನ್ನೂ ನೋಡುವುದಿಲ್ಲ, ಗೋಲನ್ನೂ ನೋಡುವುದಿಲ್ಲ. ಐದು ಹೆಜ್ಜೆ ಹಿಂದೆ, ಕಣ್ಣು ಬಾಲಿನ ಮೇಲೆ, ಪ್ರತಿ ಸಲ ಅದೇ ಓರೆ. ಬಾಲ್ ಎಡಗಂಬವನ್ನು ಸವರಿಕೊಂಡೇ ಒಳಗೆ ಹೋಗಬೇಕು. ಒಂದು ಗೇಣು ಹಿಂದಿನಿಂದ ಅದೇ ಓರೆಯಲ್ಲಿ ಹೊಡೆದರೆ, ಕಂಬದ ಹತ್ತಿರ ಬರುವಷ್ಟರಲ್ಲಿ ನಾಲ್ಕು ಬೆರಳು ಆಚೆ. ಠಣ್.

(ಬೇರೆಯವರು ಅಲ್ಲಿಂದಲೇ ಗೋಲು ಹೊಡೆದರಲ್ಲ? ಅವರು ನೋಡಿಕೊಂಡು ಹೊಡೆಯುತ್ತಾರೆ ಸ್ವಾಮಿ. ಕರಾರುವಾಕ್ಕಾದ ಕಾಲಿಗೆ ಮಾತ್ರ ಈ ಪೆಟ್ಟು.)

ಮೂರನೆಯ ಕರಡು ಈಗತಾನೆ ಸ್ಕೂಲಿನಿಂದ ವಾಪಸ್ಸು ಬಂತು. ಅದರಲ್ಲಿದ್ದ ಇದೇ ನಾಲ್ಕು ಬೆರಳಿನ ಲೆಕ್ಕಕ್ಕೆ ಟೀಚರು ಕೆಂಪು ಇಂಕಿನಲ್ಲಿ ರೈಟ್ ಹಾಕಿದ್ದಾರೆ. ಕೆಳಗೆ ಬರೆದಿದ್ದಾರೆ: “ಸರಿ. ಆದರೆ ಅವನು ಹೇಳಿದನೇ?”

೮

ಅದೇ ಪ್ರಶ್ನೆ. ಸುಣ್ಣದಣ್ಣ ಗೂಟ ಕಿತ್ತು ಸರಿಯಾದ ಜಾಗಕ್ಕೆ ಹೊಡೆದ, ಹಳೇ ಚುಕ್ಕೆಯ ಮೇಲೆ ಹುಲ್ಲು ಕೂರಿಸಿದ, ಹೊಸ ಚುಕ್ಕೆ ಬಳಿದ. ಮಧ್ಯಾಹ್ನದೊಳಗೆ ಎಲ್ಲಾ ಮುಗಿಯಿತು. ಆಮೇಲೆ ನನ್ನ ಕಡೆ ತಿರುಗಿದ.

“ಅಕ್ಕಾ, ಸರಿ ಮಾಡಿದ್ನಲ್ಲ. ಇನ್ನೂ ಯಾಕೆ ಬರೀತಾನೇ ಇದ್ದೀರಿ? ನಿಲ್ಲಿಸಿ, ಹೋಗಿ ಮಲಗಿ. ನಿಮಗೂ ಬೆಳಿಗ್ಗೆ ಕೆಲಸ ಇದೆ.”

ಪುಸಲಾಯಿಸುವುದು ನೋಡಿ! ಸುಸ್ತಾದವರ ಹತ್ತಿರ ಹೇಗೆ ಮಾತಾಡಬೇಕೆಂದು ಅವನಿಗೆ ಗೊತ್ತು, ನಾನೇ ಕಲಿಸಿದ್ದು.

“ಕೊಕ್ಕರೆಗೆ ಹೇಳಲ್ವಾ?” ಅಂದೆ.

“ಹೇಳಿ? ಲೀಗಿನವರಿಗೆ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ. ಇಪ್ಪತ್ತೆರಡು ವರ್ಷ ನಾನೆಳೆದ ಗೆರೆ ನೋಡಿ ರೆಫರಿಗಳೇ ಭೇಷ್ ಅಂದಿದ್ದಾರೆ. ಬೆಡ್‌ಶೀಟಿಂದ ಮಾನ ಕಳ್ಕೊಳ್ಲಾ?”

“ಹೇಳದಿದ್ರೆ ಅವನು ಬಾಲ್ ಮುಟ್ಟಲ್ಲ. ನಾಳೆಯಿಂದ ಟೈರಿಗೆ ಗಾಳಿ ತುಂಬ್ತಾನೆ.”

“ಟೈರ್ ಅಂಗಡಿ ಕೆಟ್ಟದ್ದೇನಲ್ಲ, ಒಳ್ಳೇ ವ್ಯಾಪಾರ.”

“ನಿಜ. ಆದ್ರೆ ಕಾಲು ಕೆಟ್ಟಿದೆ ಅಂದ್ಕೊಂಡು ಹೋಗ್ತಾನಲ್ಲ.”

ಅವನು ಹಗ್ಗ ಬಿಚ್ಚಿ ಮತ್ತೆ ಸುತ್ತತೊಡಗಿದ. ನಾನು ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದೆ.

(ನಮ್ಮ ಅಂಗಡಿಯಲ್ಲಿ ಒಂದು ಸಲ ನಲವತ್ತೆರಡು ಯೂನಿಫಾರ್ಮ್ ಪ್ಯಾಂಟು ಉದ್ದವಾಗಿಬಿಟ್ಟವು. ಕತ್ತರಿಸಿದವಳು ನಾನು, ಹೊಲಿದವರು ಪಕ್ಕದ ಮೆಷಿನ್ನಿನ ದೊಡ್ಡಮ್ಮ. “ಕಣ್ಣು ಹೋಯ್ತು ಕಣೇ ನಂದು,” ಅಂತ ತಿಂಗಳೊಳಗೆ ಕೆಲಸ ಬಿಟ್ಟರು. ಹಿಗ್ಗಿದ್ದು ನನ್ನ ಟೇಪು. ಗೊತ್ತಾದಾಗ ಹೊಸ ಟೇಪು ಕೊಂಡೆ. ಅಷ್ಟೇ ಮಾಡಿದ್ದು ನಾನು.)

೯ (ಅಂತ್ಯಗಳು, ಬೇಕಾದ್ದು ಆರಿಸಿಕೊಳ್ಳಿ)

ಅ. ಸುಣ್ಣದಣ್ಣ ಬಾಯಿ ಬಿಡುವುದಿಲ್ಲ. ಕೋಚ್ ಬೈದು ಕೊಕ್ಕರೆಯಿಂದ ಹೊಡೆಸುತ್ತಾರೆ, ಗೋಲು, ಎಲ್ಲರೂ ಕುಣಿಯುತ್ತಾರೆ. ಬರೆಯಲು ಸುಲಭ. ಆದರೆ ನಾಲ್ಕನೇ ಸಾಲಿಗೇ ಸುಣ್ಣದಣ್ಣನ ಹೆಂಡತಿ ಒಳಗೆ ನುಗ್ಗಿದಳು: “ಅವರು ಹೇಳದಿದ್ರೆ ನಾನು ಹೇಳ್ತೀನಿ. ಹಿಗ್ಗಿಸಿದ್ದು ನನ್ನ ಬೆಡ್‌ಶೀಟು. ಆ ಹುಡುಗ ಸೊರಗಿ ಕಡ್ಡಿಯಾಗಿದಾನೆ, ನೋಡಿದೀರಾ?” ಅವಳಿಗೆ ಎದುರಾಡುವ ತಾಕತ್ತು ನನಗಿಲ್ಲ.

ಆ. ಸುಣ್ಣದಣ್ಣ ಲೀಗಿಗೆ ಪತ್ರ ಬರೆಯುತ್ತಾನೆ. ಸಮಿತಿ ಕೂರುತ್ತದೆ. ಸಮಿತಿಗೊಂದು ಉಪಸಮಿತಿ. ಉಪಸಮಿತಿಗೆ ಟೀ. (ಇಲ್ಲಿ ನಾನು ಪೆನ್ನು ಹಿಡಿದೇ ನಿದ್ದೆ ಹೋದೆ.)

ಇ.

ಪಂದ್ಯಕ್ಕೆ ಒಂದೂವರೆ ಗಂಟೆ ಮುಂಚೆ ಸುಣ್ಣದಣ್ಣ ಹಗ್ಗ ಹೆಗಲಿಗೆ ಹಾಕಿಕೊಂಡು ಡ್ರೆಸ್ಸಿಂಗ್ ರೂಮಿನ ಬಾಗಿಲಲ್ಲಿ ನಿಂತ. ಇಪ್ಪತ್ತೆರಡು ವರ್ಷದಲ್ಲಿ ಆ ಹೊಸ್ತಿಲು ದಾಟಿದವನಲ್ಲ. ಕೊಕ್ಕರೆ ಒಂಟಿಕಾಲಲ್ಲಿ ನಿಂತು ಲೇಸು ಕಟ್ಟುತ್ತಿದ್ದ.

“ತಮ್ಮಾ, ಎರಡು ನಿಮಿಷ ಬಾ.”

ಟ್ಯಾಂಕಿನ ಕಡೆಯ ಗೋಲಿಗೆ ಕರೆದೊಯ್ದ. ಹಗ್ಗದ ಕುಣಿಕೆಯನ್ನು ಗೆರೆಯ ಮೇಲಿಟ್ಟು ಎಳೆದ, ಪಕ್ಕದಲ್ಲಿ ಸ್ಟೀಲ್ ಟೇಪನ್ನೂ ಎಳೆದ. ಟೇಪಿನ ಹನ್ನೊಂದು ಇಲ್ಲಿ. ಕೆಂಪು ದಾರ ಅಲ್ಲಿ. ನಡುವೆ ಗೇಣಿಟ್ಟು ತೋರಿಸಿದ.

ಕೊಕ್ಕರೆ ಬಗ್ಗಿ ತನ್ನ ಗೇಣನ್ನೂ ಅಲ್ಲಿಟ್ಟು ನೋಡಿದ.

“ಯಾವಾಗಿಂದ ಅಣ್ಣಾ?”

“ಹುಲ್ಲು ಹಾಸಿದಾಗಿಂದ.”

“ಮೂರು ತಿಂಗಳು! ನಂಗೆ ನಿದ್ದೆ ಇಲ್ಲ ಗೊತ್ತಾ? ದಿನಾ ಕನಸಲ್ಲಿ ಆ ಕಂಬ ಠಣ್ ಅನ್ನುತ್ತೆ. ತಲೆ ಡಾಕ್ಟರ್ ಹತ್ರಾನೂ ಹೋಗಿಬಂದೆ!”

“ನಂದೇ ತಪ್ಪು. ಬೈಯಿ.”

“ಬೈತೀನಿ, ಇರು. ಹೇಗೆ ಹಿಗ್ತು ಇದು?”

“…ಬೆಡ್‌ಶೀಟು.”

“ಏನು?”

“ನಿಮ್ಮತ್ತಿಗೆ ರಜೇಲಿ ಬಟ್ಟೆ ಒಣಗಿಸಿದ್ಳು.”

ಕೊಕ್ಕರೆಯ ಮುಖ ಕೆಂಪಾಯಿತು. ಹೊಡೆದೇ ಬಿಡುತ್ತಾನೆ ಅಂದುಕೊಂಡು ನಾನೂ ಪೆನ್ನು ಹಿಂದಕ್ಕೆ ಎಳೆದೆ. ಅವನು ಹುಲ್ಲಿನ ಮೇಲೆ ಕುಕ್ಕರಿಸಿದ, ಹಗ್ಗದ ತುದಿ ಕೈಗೆತ್ತಿಕೊಂಡು ಮೂಗಿಗೆ ಹಿಡಿದ. “ಸೋಪಿನ ವಾಸನೆ ಇನ್ನೂ ಇದೆಯಲ್ಲೋ ಅಣ್ಣಾ!” ಅಂದವನೇ ನಗಲು ಶುರು ಮಾಡಿದ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಆ ನೀರಿನಲ್ಲಿ ಎಷ್ಟು ಭಾಗ ನಗು ಅಂತ ನನ್ನನ್ನು ಕೇಳಬೇಡಿ, ನಾನು ಅಳೆದಿಲ್ಲ.

ಸುಣ್ಣದಣ್ಣ ಅಲ್ಲಿಂದ ಹೋಗಿ ಮೈದಾನದ ಡೈರಿ ತೆಗೆದು ಬರೆದ: “ಟ್ಯಾಂಕಿನ ಕಡೆ ಪೆನಾಲ್ಟಿ ಗುರುತು ಮೂರು ತಿಂಗಳು ಒಂದು ಗೇಣು ಹಿಂದಿತ್ತು. ಇಂದು ಸರಿಪಡಿಸಿದೆ. ತಪ್ಪು ನನ್ನದು.” ಸಹಿ ಹಾಕಿ ಕೋಚ್‌ನ ಟೇಬಲ್ಲಿನ ಮೇಲಿಟ್ಟ. ಕೋಚ್ ಓದಿದರು, ಇನ್ನೊಂದು ಸಲ ಓದಿದರು.

“ಸೋಮವಾರ ಆಫೀಸಿಗೆ ಬಾ, ನಿನ್ನ ವಿಚಾರ ಆಮೇಲೆ,” ಅಂದರು. ಬಾಗಿಲ ತನಕ ಹೋದವರು ತಿರುಗಿ ಬಂದರು. “ತಲೇಲಿದೆ ತಲೇಲಿದೆ ಅಂತ ಅವನ ತಲೆ ತಿಂದೆನಲ್ಲ ಮಾರಾಯ ನಾನು.”

೧೦

ಎಂಬತ್ತೊಂಬತ್ತನೆಯ ನಿಮಿಷ. ಸೊನ್ನೆ–ಸೊನ್ನೆ. ಟ್ಯಾಂಕಿನ ಕಡೆ ನಮಗೆ ಪೆನಾಲ್ಟಿ. (ಇಷ್ಟು ಅನುಕೂಲಕ್ಕೆ ಸರಿಯಾಗಿ ಪೆನಾಲ್ಟಿ ಸಿಗುತ್ತದೆಯೇ ಅಂತ ಕೇಳಬೇಡಿ. ಪೆನ್ನು ನನ್ನದು.)

ಯಾರೂ ಮುಂದೆ ಬರಲಿಲ್ಲ. ಬಾಲ್ ಚುಕ್ಕೆಯ ಪಕ್ಕ ಅನಾಥವಾಗಿ ಬಿದ್ದಿತ್ತು. ಆಗ ಉದ್ದನೆಯ ಎರಡು ಕಾಲು ನಡೆದು ಬಂದವು. ಕೊಕ್ಕರೆ ಬಾಲ್ ಎತ್ತಿಕೊಂಡ. ಪಕ್ಕದವನು ಅಭ್ಯಾಸಬಲದಿಂದ ಕೈ ಚಾಚಿದ, ಕೊಡಲಿಲ್ಲ. ಚುಕ್ಕೆಯ ಮೇಲಿಟ್ಟ. ಗೆರೆಯ ಆಚೆ ಪೇಂಟಿನ ಬಕೆಟ್ ಹಿಡಿದು ನಿಂತಿದ್ದ ಸುಣ್ಣದಣ್ಣನ ಕಡೆ ನೋಡಿದ. ಸುಣ್ಣದಣ್ಣ ಹೆಬ್ಬೆರಳು ಕಿರುಬೆರಳು ಅಗಲಿಸಿ ಗೇಣು ತೋರಿಸಿ, ಬೆರಳು ಮಡಚಿ ಮುಷ್ಟಿ ಮಾಡಿದ.

ಐದು ಹೆಜ್ಜೆ ಹಿಂದೆ. ಕಣ್ಣು ಬಾಲಿನ ಮೇಲೆ.

೧೧

“ಆಮೇಲೆ?” ಅಂದಳು ಮಗಳು. ಭಾನುವಾರ ಬೆಳಿಗ್ಗೆ, ಇನ್ನೂ ಹಲ್ಲುಜ್ಜಿಲ್ಲ, ಹಾಳೆ ಕೈಯಲ್ಲಿ.

“ಅಷ್ಟೇ.”

“ಅಷ್ಟೇ ಅಂದ್ರೆ? ಒಳಗೆ ಹೋಯ್ತಾ, ಕಂಬಕ್ಕೆ ಬಡೀತಾ?”

“ಬಾಲ್ ಕೈಗೆ ತಗೊಂಡ್ನಲ್ಲೇ.”

“ಅಮ್ಮಾ, ಇದು ಮೋಸ. ದುಡ್ಡು ಕೊಟ್ಟು ಓದಿದ್ರೆ ವಾಪಸ್ ಕೇಳ್ತಿದ್ದೆ.”

ಹಾಳೆ ಮೇಜಿನ ಮೇಲೆ ಕುಕ್ಕಿ ನನ್ನ ಕೊರಳಲ್ಲಿದ್ದ ಟೇಪು ಎಳೆದುಕೊಂಡಳು. “ತಡಿ, ನಾನೇ ನೋಡ್ತೀನಿ.” ಅಡುಗೆಮನೆಯ ಗೋಡೆಯಿಂದ ಅಳೆಯುತ್ತಾ ಹೊರಟಳು. ನಮ್ಮ ಮನೆ ಏಳೇ ಮೀಟರಿಗೆ, ಮುಂಬಾಗಿಲಲ್ಲಿ ಮುಗಿಯುತ್ತದೆ. ಬಾಗಿಲು ತೆರೆದಳು, ಪ್ಯಾಸೇಜಿಗೆ ಹೋದಳು, ಎದುರು ಮನೆಯ ಅಂಕಲ್ಲಿನ ಚಪ್ಪಲಿ ಸ್ಟ್ಯಾಂಡು ಸರಿಸಿದಳು. ಹನ್ನೊಂದು. ಸೀಮೆಸುಣ್ಣದಲ್ಲಿ ಚುಕ್ಕೆ. ಚಿಂದಿ ಚೆಂಡು ಬೇಡ ಅಂದವಳೇ ಅಪ್ಪನ ನಾಲ್ಕು ಜೊತೆ ಸಾಕ್ಸು ಸುತ್ತಿ ಬಾಲ್ ಮಾಡಿದಳು.

“ಹೊಸ ಟೇಪ್ ತಾನೇ ಇದು?” ಅಲ್ಲಿಂದಲೇ ಕೂಗಿದಳು.

“ಹೊಸದೇ.”

“ಹಳೇದು?”

“ಡ್ರಾಯರಲ್ಲಿದೆ,” ಅಂದೆ. “ಇವತ್ತು ಮಧ್ಯಾಹ್ನ ನಾವಿಬ್ರೂ ಅದನ್ನ ತಗೊಂಡು ಒಬ್ಬ ದೊಡ್ಡಮ್ಮನ ಮನೆಗೆ ಹೋಗೋದಿದೆ.”

“ಯಾವ ದೊಡ್ಡಮ್ಮ?”

“ಹೇಳ್ತೀನಿ, ಮೊದಲು ಹೊಡಿ.”

ಗ್ಯಾಸ್ ಸ್ಟೋವಿಗೂ ಫ್ರಿಜ್ಜಿಗೂ ನಡುವೆ, ಕೈ ಅಗಲಿಸಿ, ಮಂಡಿ ಬಗ್ಗಿಸಿ ನಿಂತಿದ್ದೇನೆ. ಹಾಲು ಉಕ್ಕುವುದರಲ್ಲಿದೆ. ಅವಳು ಐದು ಹೆಜ್ಜೆ ಹಿಂದೆ ಹೋಗಿದ್ದಾಳೆ, ಕಣ್ಣು ಸಾಕ್ಸಿನ ಮೇಲೆ. ಈಗ ಬರೆಯಲಾರೆ, ಎರಡೂ ಕೈ ಬೇಕು