ಹೆಸರು ಹಾಕುವುದಷ್ಟೇ

ರೇಷ್ಮೆಗೂಡು ಬೇಯಿಸುವ ವಾಸನೆ ಇವತ್ತು ಹನ್ನೊಂದಕ್ಕೇ ಬೀದಿಗಿಳಿದಿದೆ, ಫ್ಯಾನು ಅದನ್ನೇ ಸುತ್ತಿ ಸುತ್ತಿ ಮುಖಕ್ಕೆ ತಂದು ಎರಚುತ್ತದೆ, ಶಿಡ್ಲಘಟ್ಟದವರಿಗೆ ಇದು ವಾಸನೆಯೇ ಅಲ್ಲ ಅನ್ನುವವರು ಒಂದು ದಿನ ಈ ಕುರ್ಚಿಯಲ್ಲಿ ಕೂತು ನೋಡಲಿ, ಎದುರಿಗೆ ಸಬ್ ರಿಜಿಸ್ಟ್ರಾರ್ ಆಫೀಸಿನ ಗೇಟು, ಬಾಗಿಲ ಪಕ್ಕ ಪತ್ರ ಬರೆಯುವ ನಲ್ಲಪ್ಪನವರ ಮೇಜು, ಒಳಗೆ ಯಾಮಿನಿಯ ಟೈಪಿಂಗ್ ಅಂಗಡಿ, ಕೀಬೋರ್ಡಿಗೆ ಒರಗಿಸಿಟ್ಟ ಈ ಚೀಟಿ — ತಮ್ಮನ ಅಕ್ಷರ, ಸುನೀಲ್‌ಕುಮಾರನದು, ಇವಳೇ ಸ್ಲೇಟು ಹಿಡಿಸಿ ತಿದ್ದಿಸಿದ್ದು, ಆಗಲೂ ಉದ್ಧಾರವಾಗಲಿಲ್ಲ, ಅದೇ ಅಕ್ಷರದಲ್ಲಿ ಬರೆದುಕೊಂಡು ಬಂದಿದ್ದಾನೆ, ಅಪ್ಪನ ತೋಟದಲ್ಲಿನ ಪಾಲು ಬಿಟ್ಟುಕೊಡುವವರು ಯಾಮಿನಿ ಕೋಂ ವೆಂಕಟೇಶ್, ಬಿಡಿಸಿಕೊಳ್ಳುವವರು ಸುನೀಲ್‌ಕುಮಾರ್ ಬಿನ್ ಲೇಟ್ ವೆಂಕಟರಾಮಪ್ಪ, ಸಾದಲಿ. ಲೇಟ್ ಅನ್ನುವುದನ್ನು ಮಾತ್ರ ದಪ್ಪಗೆ ಬರೆದಿದ್ದಾನೆ, ಅಪ್ಪ ಸತ್ತದ್ದು ಎಲ್ಲಿ ಮರೆತುಹೋಗುತ್ತದೋ ಎಂಬಂತೆ. ಮೂರು ಗಂಟೆಗೆ ಟೈಮು ತಗೊಂಡಿದೀನಿ ಅಕ್ಕಾ, ಭಾವನ ಹತ್ರಾನೂ ಮಾತಾಡಿದೀನಿ, ಹೊರಗಿನೋರ ಕೈಲಿ ಯಾಕೆ ಮಾಡ್ಸಣ, ಫಾರ್ಮ್ಯಾಟು ನಿನ್ತಾವೇ ಐತಲ್ಲ, ಹೆಸ್ರು ಹಾಕೋದಷ್ಟೇ, ಅಂತಂದು ಅಮ್ಮನನ್ನು ಬೆಂಚಿನ ಮೇಲೆ ಕೂರಿಸಿ, ಬಜ್ಜಿ ತಿಂದು ಬರ್ತೀನಿ ಅಂತ ಹೋಗಿದ್ದಾನೆ, ಮುಚ್ಚುಮರೆ ಇಲ್ಲ, ಕಳ್ಳತನವಿಲ್ಲ, ಕಳ್ಳತನದಿಂದಲಾದರೂ ಮಾಡಿದ್ದರೆ ಇವಳಿಗೆ ಏನೋ ಬೇಕಾಗಬಹುದು ಎಂಬ ಅನುಮಾನವಾದರೂ ಅವನಿಗೆ ಇತ್ತು ಅಂತಾಗುತ್ತಿತ್ತು. ಭಾವನ ಹತ್ರ ಮಾತಾಡಿದ್ದಾನಂತೆ. ಭಾವ, ಅಂದರೆ ಇವಳ ಗಂಡ ವೆಂಕಟೇಶ, ಚಿಂತಾಮಣಿ ಬಸ್ಸು ಓಡಿಸುತ್ತ ಕಿವಿಗೆ ಫೋನಿಟ್ಟುಕೊಂಡು ನಿಮ್ಮಿಷ್ಟ ಕಣಪ್ಪ ಅಂದಿರುತ್ತಾನೆ, ಅವನಪ್ಪನ ಮನೆಯ ಗಂಟೇನು ಹೋಗಬೇಕು. ಹೊಸ ಫೈಲು, ಟೆಂಪ್ಲೇಟಿನಿಂದ, ಪಟ್ಟಿ ಇಳಿಯಿತು, ಬಾಡಿಗೆ ಕರಾರು, ಹೆಸರು ತಿದ್ದುಪಡಿ, ವಂಶವೃಕ್ಷ, ಪಾಲುಪಟ್ಟಿ, ಹಕ್ಕು ಬಿಡುಗಡೆ, ಬೆರಳು ತಾನಾಗಿ ಹಕ್ಕು ಬಿಡುಗಡೆಯ ಮೇಲೆ ಹೋಗಿ ನಿಂತಿತು, ಬೆರಳಿಗೇನು ಗೊತ್ತು, ಎಂಟು ವರ್ಷದ ಅಭ್ಯಾಸ, ವಾರಕ್ಕೆ ಮೂರಾದರೂ ಅದೇ.

ಬಿಟ್ಟುಕೊಡುವವರ ಹೆಸರು, ಅಂತ ಪರದೆಯ ಪೆಟ್ಟಿಗೆ ಕೇಳಿತು. ಯಾಮಿನಿ, ಅಂತ ಒತ್ತಿದಳು. ಒಂದು ಸಲ ಒತ್ತಿದರೆ ಸಾಕು, ಹನ್ನೊಂದು ಕಡೆ ತುಂಬಿಕೊಳ್ಳುತ್ತದೆ, ಇದೆಲ್ಲ ಚಿಕ್ಕಬಳ್ಳಾಪುರದ ಕಂಪ್ಯೂಟರ್ ಕ್ಲಾಸಿನ ಭಾನುಪ್ರಕಾಶ್ ಕೂರಿಸಿಕೊಟ್ಟ ಎಡಿಟರ್, ಮೊದಲೆಲ್ಲ ಹಳೇ ಫೈಲಿನ ಮೇಲೇ ಹೊಸ ಹೆಸರು ಬಡಿಯುತ್ತಿದ್ದರು, ಹಾಗೆ ಬಡಿದೂ ಬಡಿದೂ ಒಮ್ಮೆ ಚಿಂತಾಮಣಿಯ ಮೇಷ್ಟರೊಬ್ಬರಿಗೆ ಗೌರಿಬಿದನೂರಿನ ಯಾರದೋ ಹೆಂಡತಿಯನ್ನು ಅಫಿಡವಿಟ್ಟಿನಲ್ಲಿ ಕಟ್ಟಿಬಿಟ್ಟಿದ್ದಳು, ಮೇಷ್ಟರು ಓದದೆಯೇ ಸಹಿ ಹಾಕಿದ್ದರು, ಅವರ ಮನೆಯವರು ಓದಿದ್ದರು. ಆಮೇಲೆ ಟೆಂಪ್ಲೇಟು ಬಂತು. ಟೆಂಪ್ಲೇಟನ್ನ ಎಷ್ಟು ಸಲ ತೆಗೆದ್ರೂ ಅದು ಕೊಳೆ ಆಗಲ್ಲ ಮೇಡಂ, ಅಂದಿದ್ದ ಭಾನುಪ್ರಕಾಶ್, ನಿಜ, ತುಂಬಿದ ಹೆಸರೆಲ್ಲ ಬೇರೆ ಫೈಲಿಗೆ ಹೋಗುತ್ತದೆ, ಅದು ಮಾತ್ರ ಮರುದಿನ ಬೆಳಗ್ಗೆ ಮಡಿಯುಟ್ಟುಕೊಂಡು ಬಾಯಿ ತೆರೆದು ಕೂತಿರುತ್ತದೆ, ಇನ್ನೊಬ್ಬಳ ಹೆಸರಿಗೆ. ಯಾಮಿನಿ ಆದ ನಾನು, ಯಾಮಿನಿ ಆದ ನಾನು, ಪರದೆಯ ತುಂಬ ತಾನೇ ಸಾಲಾಗಿ ನಿಂತಿದ್ದಾಳೆ, ಅದರ ಕೆಳಗೆ ಪ್ರೀತಿ ವಿಶ್ವಾಸದ ಆ ಸಾಲು. ಆ ಸಾಲು ನಲ್ಲಪ್ಪನವರದಲ್ಲ. ಅವರ ಹಳೇ ಬರವಣಿಗೆಯಲ್ಲಿ ಹಕ್ಕು ಬಿಟ್ಟಿರುತ್ತೇನೆ ಅಂತ ಇತ್ತು, ಅಷ್ಟೇ, ಮುಗೀತು, ಯಾವುದೋ ಊರಿನ ಹೆಣ್ಣುಮಗಳೊಬ್ಬಳು ಕೋರ್ಟಿಗೆ ಹೋಗಿ ನನ್ನನ್ನು ಹೆದರಿಸಿ ಸಹಿ ಹಾಕಿಸಿಕೊಂಡರು ಅಂದಳಂತೆ, ಆವಾಗ ನಲ್ಲಪ್ಪನವರು ಎಲೆಯಡಿಕೆ ಮೆಲ್ಲುತ್ತ, ಯಾರೂ ಅಲ್ಲಾಡಿಸಕ್ಕಾಗದಂಗೆ ಒಂದು ಸಾಲು ಹೊಡಿಯಮ್ಮ ಯಾಮಿನಿ, ನೀನು ಡಿಗ್ರಿ ಓದಿರೋಳು, ಅಂದರು. ಓದಿರೋಳು ಹೊಡೆದಳು. ಯಾರ ಬಲವಂತವೂ ಇಲ್ಲದೆ, ನನ್ನ ಸ್ವಂತ ಬುದ್ಧಿಯಿಂದ, ತವರಿನ ಮೇಲಿನ ಪ್ರೀತಿ ವಿಶ್ವಾಸವೊಂದನ್ನೇ ಪ್ರತಿಫಲವೆಂದು ತಿಳಿದು. ಎಷ್ಟು ಹೆಮ್ಮೆ ಪಟ್ಟಿದ್ದಳು, ಒಂದೇ ಮಧ್ಯಾಹ್ನದಲ್ಲಿ ಬಂದ ಸಾಲು, ನಲ್ಲಪ್ಪನವರು ಜೋರಾಗಿ ಓದಿ ತಲೆದೂಗಿದ್ದರು, ವರ್ಷ ತಿರುಗುವಷ್ಟರಲ್ಲಿ ಗೌರಿಬಿದನೂರು, ಚಿಂತಾಮಣಿ, ಎಲ್ಲ ಟೈಪಿಂಗ್ ಅಂಗಡಿಗಳವರೂ ಅದನ್ನು ಎತ್ತಿಕೊಂಡರು, ಒಂದು ಕಾಮಾ ಕೂಡ ಬದಲಾಯಿಸದೆ, ಇವಳು ಕಳ್ಳರೇ ಅಂತ ಬೈದು ಒಳಗೊಳಗೇ ಖುಷಿಪಟ್ಟಳು. ಈ ಸೀಮೆಯ ಅದೆಷ್ಟು ಹೆಣ್ಣುಮಕ್ಕಳು ಇವಳ ಕನ್ನಡದಲ್ಲಿ ಹೊಲ ಬಿಟ್ಟಿದ್ದಾರೋ. ಸಾದಲಿಯ ಹಿಪ್ಪುನೇರಳೆ ತೋಟ, ಚೆಕ್ಕುಬಂದಿ ಟೈಪ್ ಮಾಡು, ನಾಲ್ಕು ದಿಕ್ಕಿನ ಗಡಿ, ಪೂರ್ವಕ್ಕೆ ಸ್ವಂತ ಬಾವಿ, ಆ ಬಾವಿಯ ಕಡೆಯ ಸಾಲಿನ ಸೊಪ್ಪು ಕುಯ್ದು ಕುಯ್ದು ಬೆರಳಿನಲ್ಲಿ ಹಾಲು ಅಂಟಿ ಕಪ್ಪಾಗಿ ಸ್ಕೂಲಿನಲ್ಲಿ ಕೈ ಮುಚ್ಚಿಟ್ಟುಕೊಳ್ಳುತ್ತಿದ್ದದ್ದು ಯಾರು, ಹುಳು ನಾಲ್ಕನೇ ಜ್ವರಕ್ಕೆ ಬಿದ್ದು ಪೊರೆ ಕಳಚಿ ಎದ್ದರೆ ತಟ್ಟೆ ಮೇಲೆ ತಟ್ಟೆ ಸೊಪ್ಪು ಸುರಿದದ್ದು ಯಾರು, ಸುನೀಲ ಆಗ ಗೋಲಿ ಆಡುತ್ತಿದ್ದ, ಆಡಲಿ, ಮಗು, ಆದರೆ ಪ್ರೀತಿ ವಿಶ್ವಾಸ ಅಂತೆ, ಇದ್ದರೆ ಇರಲಿ, ಅದು ಇವಳ ಹತ್ತಿರ ಇದೆ, ಅದನ್ನು ಛಾಪಾ ಕಾಗದದ ಮೇಲೆ ಇಳಿಸಲು ಇವನು ಯಾರು, ಇವನಲ್ಲ, ಇಳಿಸಿದ್ದು ಇವಳೇ, ಇವಳದೇ ಸಾಲು, ಇವಳದೇ ಬೆರಳು, ಬಯ್ಯೋಣವೆಂದರೆ ಬೈಗುಳ ಪರದೆಗೆ ತಾಗಿ ವಾಪಸ್ಸು ಬರುತ್ತದೆ.

ಬೆಂಚಿನ ಮೇಲೆ ಅಮ್ಮ, ರಾಮಲಕ್ಷ್ಮಮ್ಮ, ಮಂಡಿ ನೀವಿಕೊಳ್ಳುತ್ತಾಳೆ, ನೀರು ಬೇಕೇನಮ್ಮ ಅಂದರೆ ಬೇಡ ಅಂತ ಕೈಯಾಡಿಸಿದಳು, ಆ ಕೈ — ಬೇಡ, ಅದು ಈಗ ಬೇಡ, ಸರ್ವೆ ನಂಬರು ಹಾಕು — ಆರು ವರ್ಷದ ಹಿಂದೆ ಇದೇ ಬೆಂಚು, ಅಮ್ಮನ ತವರಿನವರು, ಗೌರಿಬಿದನೂರಿನ ಇಬ್ಬರು ಸೋದರಮಾವಂದಿರು, ಅಮ್ಮನ ಪಾಲು ಬಿಡಿಸಿಕೊಳ್ಳಲು, ನಮ್ಮ ಯಾಮಿನಿ ಅಂಗಡಿ ಇರೋವಾಗ ಬೇರೆ ಕಡೆ ಯಾಕೆ ಅಂತ ಹಣ್ಣು ಹಿಡಿದು ಬಂದಿದ್ದರು, ಇವಳು ಪೆಟ್ಟಿಗೆಯಲ್ಲಿ ರಾಮಲಕ್ಷ್ಮಮ್ಮ ಅಂತ ಒತ್ತಿ, ಪ್ರಿಂಟು ತೆಗೆದು, ನಲ್ಲಪ್ಪನವರು ಇಲ್ಲದಿದ್ದಕ್ಕೆ ತಾನೇ ಓದಿ ಹೇಳಿದ್ದಳು, ಸರಾಗವಾಗಿ, ಪ್ರೀತಿ ವಿಶ್ವಾಸದ ಹತ್ತಿರ ಬಂದಾಗ ದನಿ ಸ್ವಲ್ಪ ಏರಿಸಿ, ಯಾಕೆಂದರೆ ತನ್ನ ಸಾಲು. ಅಮ್ಮ ಸಿಟ್ಟಿಗೋ ಸಂಕಟಕ್ಕೋ ತೆಲುಗಿಗೆ ತಿರುಗುವವಳು. ಆ ಮಾಟ ನೇನೆಪ್ಪುಡಂಟಿನಿ, ಅಂದಳು, ಆ ಮಾತು ನಾನು ಯಾವಾಗ ಅಂದೆ, ಅಂತ, ತಮಾಷೆಗೆ ಅಲ್ಲ, ನಿಜವಾಗಿ ಕೇಳಿದಳು, ಎಲ್ಲೋ ತಾನೇ ಅಂದು ಮರೆತಿರಬಹುದು ಅನ್ನುವ ಹಾಗೆ. ಮಾವಂದಿರು ನಕ್ಕರು. ಇವಳೂ ನಕ್ಕಳು. ನೀನು ಅನ್ನಬೇಕಾಗಿಲ್ಲಮ್ಮ, ಅದು ಫಾರ್ಮ್ಯಾಟು, ಎಲ್ರಿಗೂ ಹಂಗೇ ಇರ್ತೈತೆ. ಓಹೋ, ಎಲ್ರಿಗೂನಾ, ಅಂದು ಅಮ್ಮ ಎಡಗೈ ಹೆಬ್ಬೆರಳು ಚಾಚಿದಳು, ಪುಟಕ್ಕೊಂದು, ಐದು ಪುಟ, ಪ್ಯಾಡಿನ ಶಾಯಿ ಉಗುರಿನ ಸಂದಿಗೆಲ್ಲ ಇಳಿಯಿತು, ಒರೆಸಿಕೊಳ್ಳಲು ಇವಳು ಬಟ್ಟೆ ಹುಡುಕುವಷ್ಟರಲ್ಲಿ ಅಮ್ಮ ಆ ಹೆಬ್ಬೆರಳನ್ನು ಕಿವಿಯ ಪಕ್ಕ ಎತ್ತಿ ಕೂದಲಿಗೆ ಒರೆಸಿಕೊಂಡಳು, ಎಣ್ಣೆ ಹಚ್ಚಿದ ಕೂದಲು, ಆಗ ಕಪ್ಪಗಿತ್ತು, ಏನೂ ಕಾಣಲಿಲ್ಲ. ಹಕ್ಕು ಬಿಡುಗಡೆ ಮುಚ್ಚಿದಳು. ಉಳಿಸಬೇಕೇ, ಬೇಡ. ಫೋಲ್ಡರಿಗೆ ಹೋದಳು, ಟೆಂಪ್ಲೇಟನ್ನೇ ಆರಿಸಿದಳು, ತೆಗೆದುಹಾಕಬೇಕೇ, ಹೌದು, ಇಷ್ಟೇನಾ, ಎಂಟು ವರ್ಷದ ಮೇಲೆ ಇಷ್ಟೇ, ಸದ್ದು ಕೂಡ ಬರಲಿಲ್ಲ, ಇನ್ನು ಚಿಂತಾಮಣಿಯಲ್ಲೂ ಗೌರಿಬಿದನೂರಿನಲ್ಲೂ ಅದು ಹೇಗೂ ಬದುಕಿಯೇ ಇರುತ್ತದೆ, ಅದನ್ನು ಹೋಗಿ ಹೇಗೆ ಅಳಿಸುತ್ತಾಳೆ, ಎಲ್ಲರ ಅಂಗಡಿಗೂ ನುಗ್ಗುವುದೇ. ಹೊಸ ಫೈಲು, ಟೆಂಪ್ಲೇಟಿನಿಂದ, ಪಾಲುಪಟ್ಟಿ. ಒಂದನೇ ಪಕ್ಷಗಾರರು ರಾಮಲಕ್ಷ್ಮಮ್ಮ, ಎರಡನೇ ಪಕ್ಷಗಾರರು ಯಾಮಿನಿ, ಮೂರನೇ ಪಕ್ಷಗಾರರು ಸುನೀಲ್‌ಕುಮಾರ್, ಅದೇ ಸರ್ವೆ ನಂಬರು, ಅದೇ ಬಾವಿ, ಪ್ರಿಂಟರು ಕರಕರ ಅನ್ನುವಾಗ ಅವನು ಬಂದ, ತುಟಿಯಲ್ಲಿ ಬಜ್ಜಿಯ ಎಣ್ಣೆ, ಆಯ್ತಾ ಅಕ್ಕಾ. ಆ ಫಾರ್ಮ್ಯಾಟು ಇಲ್ಲ ಕಣೋ, ತೆಗೆದಾಕ್ದೆ, ಪಾಲುಪಟ್ಟಿದು ಐತೆ, ಮೂರೂ ಹೆಸ್ರು ಹಾಕಿದೀನಿ, ಮೂರು ಗಂಟೆಗೆ ಇದನ್ನೇ ಮಾಡ್ಸೋದಾದ್ರೆ ಬರ್ತೀನಿ, ಇಲ್ದಿದ್ರೆ ನಂಗೆ ಅಂಗಡೀಲಿ ಕೆಲ್ಸ ಐತೆ. ಅವನು ಕಾಗದ ನೋಡಿದ, ಇವಳನ್ನು ನೋಡಿದ, ನಿಂಗೇನಾಯ್ತಕ್ಕ, ಅಂದ, ಜ್ವರ ಬಂದವರನ್ನು ಕೇಳುವ ಹಾಗೆ, ಆಮೇಲೆ ಅಮ್ಮನ ಕಡೆ ತಿರುಗಿ, ನೀನಾದ್ರೂ ಹೇಳಮ್ಮ ಇವಳಿಗೆ. ಅಮ್ಮ ಅವನ ಕೈಯಿಂದ ಕಾಗದ ತೆಗೆದುಕೊಂಡು, ತಲೆಕೆಳಗೋ ಸರಿಯೋ ತಿಳಿಯದೆ ಒಂದು ಸಲ ತಿರುಗಿಸಿ, ಇವಳ ಮುಂದೆ ಹಿಡಿದಳು. ಇದ್ರಾಗೆ ನಾನೇನಂತೀನಿ, ಓದಮ್ಮ. ಓದಬೇಕು, ಓದುತ್ತಾಳೆ, ಒಂದನೇ ಪಕ್ಷಗಾರರಾದ ರಾಮಲಕ್ಷ್ಮಮ್ಮ ಆದ ನಾನು, ಇಲ್ಲಿಯವರೆಗೆ ಬಂತು, ಮುಂದಿನ ಸಾಲೂ ಫಾರ್ಮ್ಯಾಟಿನದೇ, ಅಮ್ಮ ಅಂದದ್ದಲ್ಲ, ಅದರ ಮೇಲೆ ಬೆರಳಿಟ್ಟು ನಿಂತಿದ್ದಾಳೆ, ಸುನೀಲ ಏನೋ ಅನ್ನುತ್ತಿದ್ದಾನೆ, ಹೊರಗಿನಿಂದ ನಲ್ಲಪ್ಪನವರು ಕರೆಯುತ್ತಿದ್ದಾರೆ, ಕಾಗದದ ಅಂಚು ಹಿಡಿದ ಅಮ್ಮನ ಎಡಗೈ ಹೆಬ್ಬೆರಳು, ಶಾಯಿ ಇನ್ನೂ ಮುಟ್ಟಿಲ್ಲ, ಒಣ ಹೆಬ್ಬೆರಳು, ಆದರೂ ಅದು ಕಾಗದ ಬಿಟ್ಟು ಏಳುತ್ತಿದೆ, ಮೆಲ್ಲಗೆ, ಕಿವಿಯ ಪಕ್ಕಕ್ಕೆ, ಈಗ ಪೂರ್ತಿ ಬೆಳ್ಳಗಾಗಿರುವ ಕೂದಲಿಗೆ —